ಭತ್ತದ ಹೊಟ್ಟಿನ ಬೂದಿಯೂ ವಿದ್ಯುತ್ಕೋಶವೂ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಮಾರ್ಗದಲ್ಲಿ ಕುಡತಿನಿಯ ಸಮೀಪದಲ್ಲಿರುವ ಬೂದಿಕನಮವೆಂಬ ದಿಬ್ಬವು ಪ್ರಾಚೀನ ವಸ್ತುಗಳ ಶೋಧಕರಿಗೆ ಬಹುಕಾಲದಿಂದ ಪರಿಚಿತವಾದುದು. ಇಂತಹ ಬೂದಿಯ ದಿಬ್ಬಗಳು ಕುಪ್ಪಗಲ್ಲು ಮೊದಲಾದ ಕಡೆಗಳಲ್ಲಿಯೂ ಉಂಟು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವು ವಾಲಿಯ ದಹನದಿಂದಾದ ಬೂದಿಯೆಂದು ಜನರು ಹೇಳುವರು. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫುಟ್ ಅವರು ಈ ದಿಬ್ಬಗಳನ್ನು ನವಶಿಲಾಯುಗದ ಜನರ ಕಾಲಕ್ಕೆ ಸೇರಿದುವೆಂದು ತಿಳಿದರು. ಇವು ದನದ ಸಗಣಿಯು ಸುಟ್ಟು ಆದ ಬೂದಿಯೇ ಎಂಬುದನ್ನು ಫ್ರೆಡರಿಕ್ ಝಾಯ್ನರ್ ಅವರು ೧೯೬೦ರಲ್ಲಿ ಪರೀಕ್ಷೆಯಿಂದ ಸ್ಥಿರಪಡಿಸಿದರು. ಆಲ್‌ಚಿನ್ ಅವರು ೧೯೬೩ರ ತಮ್ಮ ಗ್ರಂಥದಲ್ಲಿ ಇವುಗಳನ್ನು ಅಂದಿನ ಗೋಪಾಲಕರ ದೊಡ್ಡಿಗಳೊಡನೆ ಹೊಂದಿಸಿ ವಿವರಿಸಿದರು. ಈ ದಿಬ್ಬಗಳಲ್ಲಿ ಕೆಲವೆಡೆ ಬೂದಿಯು ಪುಡಿಯಾಗಿರದೆ, ಕಬ್ಬಿಣದ ಕುಲುಮೆಯ ಕಿಟ್ಟದಂತೆ, ಗಾಜಿನ ಹೊಳಪುಳ್ಳ ಗಟ್ಟಿಯಾದ ಹೆಂಟೆಗಳಾಗಿ ದೊರೆಯುವುದು. ಸಗಣಿಯು ಗಾಜಾಗುವುದೆಂತು? ಹುಲ್ಲಿನ ಜಾತಿಯ ಸಸ್ಯಗಳೆಲ್ಲವೂ ತಮ್ಮ ಮೈಯಲ್ಲಿ ಸಿಲಿಕವನ್ನು, ಎಂದರೆ ಮರಳಿನ ಮೂಲದ್ರವ್ಯವನ್ನು, ಶೇಖರಿಸಿಕೊಳ್ಳುವುವು. ದನವು ಮೇದ ಹುಲ್ಲಿನ ಸಿಲಿಕವು ಜೀರ್ಣವಾಗದೆ ಸಗಣಿಯಲ್ಲಿ ಉಳಿಯುವುದು. ಬೆಂಕಿಯ ತಾಪವು ಏರಿದಾಗ ಅದೇ ಸಗಣಿಯಲ್ಲಿರುವ ಪೊಟಾಸಿಯಂ ಕ್ಷಾರವು ಸಿಲಿಕದೊಡನೆ ಕೂಡಿ ಅದನ್ನು ಕರಗಿಸುವುದು. ಕರಗಿ ಆರಿದ ಸಿಲಿಕವೇ ಗಾಜು.

ನಾಲ್ಕೈದು ಸಾವಿರ ವರ್ಷಗಳ ಹಿಂದೆ ಬಳ್ಳಾರಿಯ ನೆಲದಲ್ಲಿ ತಾನಾಗಿ ನಡೆದ ಈ ಕ್ರಿಯೆಯು, ಇಂದು ಅದೇ ನೆಲದ ಮತ್ತೊಂದು ಬೂದಿಯಿಂದ ವಿದ್ಯುತ್ಕೋಶದ, ಎಂದರೆ ಬ್ಯಾಟರಿಯ, ದ್ರವ್ಯವನ್ನು ಪಡೆಯಬೇಕೆನ್ನುವ ರಸಾಯನಜ್ಞರಿಗೆ ದೊಡ್ಡ ವಿಘ್ನವಾಗಿದೆ. ಸಿರುಗುಪ್ಪ, ಕುರುಗೋಡುಗಳ ಅಕ್ಕಿ ಗಿರಣಿಗಳ ಹಿಂಬದಿಯಲ್ಲಿ ರಾಶಿ ಬೀಳುವ ಹೊಟ್ಟಿನಲ್ಲಿಯೂ ಸಿಲಿಕವಿದೆ, ಕ್ಷಾರವೂ ಇದೆ. ಅಲ್ಲಿ ಕರಗದಂತೆ ಸಿಲಿಕವನ್ನು ಕಾಪಾಡುವುದೇ ಕೆಲಸ. ಹಾಗೆ ಕಾಪಾಡುವುದರಿಂದ ಏನು ಪ್ರಯೋಜನ, ಅದರಲ್ಲಿ ಎಷ್ಟನ್ನು ನಂಬಬಹುದು, ಎಷ್ಟನ್ನು ನಂಬಲಾಗದು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಸಿರುಗುಪ್ಪದ ಸೀಮೆಯಲ್ಲಿ ಭತ್ತದ ಬೇಸಾಯವು ಹೊಸದಲ್ಲ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಯಿಂದ ತೆಗೆದ ಕಾಲುವೆಗಳಲ್ಲಿ ಸಿರುಗುಪ್ಪದ ಕಾಲುವೆ, ದೇಶನೂರಿನ ಕಾಲುವೆಗಳೂ ಸೇರಿವೆ. ೧೯೫೩ರಲ್ಲಿ ತುಂಗಭದ್ರೆಗೆ ಹೊಸಪೇಟೆಯ ಬಳಿ ಅಣೆಕಟ್ಟಾದ ಮೇಲೆ ಬಲದಂಡೆಯ ಕಾಲುವೆಗಳಿಂದ ನೀರಾವರಿಯು ಬಹುವಾಗಿ ವಿಸ್ತರಿಸಿ, ಜೋಳ ಹತ್ತಿಗಳು ಬೆಳೆಯುತ್ತಿದ್ದ ಎರೆಯ ಹೊಲಗಳು ಎಷ್ಟೋ ಕಡೆ ಗದ್ದೆಗಳಾದುವು. ಈ ಸೀಮೆಯವರು ಭತ್ತವನ್ನು ನೆಲ್ಲು ಎನ್ನುವರು. ಹಳಗನ್ನಡದ ಈ ಮಾತು ಇಲ್ಲಿನ ಗಿರಣಿಯ ಅಂಗಳದಲ್ಲಿ ಇನ್ನೂ ಬಳಕೆಯಲ್ಲಿದೆ. ನೆಲ್ಲನ್ನು ಗಿರಣಿಗೆ ಹಾಕಿದಾಗ ಅದರ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಹೊಟ್ಟಾಗಿ ಹೊರಬೀಳುವುದು. ದನಗಳು ಇದನ್ನು ಒಲ್ಲವು. ತೌಡಿಗಿರುವ ಬೆಲೆಯು ಇದಕ್ಕಿಲ್ಲ. ನೆಲ್ಲನ್ನು ಬೇಯಿಸುವ ಗಿರಣಿಗಳಲ್ಲಿ ಬಾಯ್ಲರಿಗೆ, ಇಟ್ಟಿಗೆಯ ಗೂಡುಗಳಿಗೆ ಉರುವಲಾಗಿ ಹೋಗುವುದೇ ಇದರ ಮುಖ್ಯವಾದ ಉಪಯೋಗ. ಸುಟ್ಟ ಹೊಟ್ಟಿನಲ್ಲಿ ಮತ್ತೆ ಐದನೆಯ ಒಂದು ಪಾಲು ಬೂದಿಯಾಗಿ ಉಳಿಯುವುದು. ಯಾವ ಧಾನ್ಯದ ಹೊಟ್ಟಿಗೂ ಇಷ್ಟು ಬೂದಿಯಿಲ್ಲ. ಆ ಬೂದಿಯಲ್ಲಿ ನೂರಕ್ಕೆ ತೊಂಬತ್ತರ ಆಸುಪಾಸು ಸಿಲಿಕವೇ ಆಗಿರುವುದು.

ನೆಲ್ಲಿನ ಗಿಡಕ್ಕೆ ಸಿಲಿಕದಲ್ಲಿ ಇಷ್ಟೇಕೆ ಆಸಕ್ತಿಯೆಂದರೆ, ಅದು ಗಿಡದ ಕವಚ. ಕಾಂಡವು ನೆಟ್ಟಗೆ ನಿಲ್ಲುವುದಕ್ಕೂ, ಹುಳು ಮತ್ತು ಬೂಷ್ಟುಗಳನ್ನು ತಡೆಯುವುದಕ್ಕೂ ಅದು ಬೇಕು. ಕಲ್ಲುಮಣ್ಣುಗಳಿಂದ ನೀರಿಗೆ ಅಲ್ಪಾಂಶವಾಗಿ ಕರಗಿಬರುವ ಸಿಲಿಕಾಮ್ಲವನ್ನು ಬೇರುಗಳು ಹೀರಿಕೊಳ್ಳುವುವು. ಇದನ್ನು ಬೇರಿನೊಳಕ್ಕೆ ಬಿಡುವ ಬಾಗಿಲಿನಂತಿರುವ ಪ್ರೋಟೀನನ್ನು ನಿಯಂತ್ರಿಸುವ ವಂಶಾಣುವನ್ನು ಜಪಾನಿನ ವಿಜ್ಞಾನಿಗಳು ೨೦೦೬ರಲ್ಲಿ ಗುರುತಿಸಿದರು. ನೀರು ಎಲೆ ಮತ್ತು ಹೊಟ್ಟುಗಳ ಮೇಲ್ಮೈಯಿಂದ ಆವಿಯಾಗಿ ಹೋಗುವುದು. ಸಿಲಿಕವು ಹಿಂದುಳಿದು ಹೆಪ್ಪುಗಟ್ಟುವುದು. ಹೀಗೆ ಅಣುವಿನ ಮೇಲೆ ಅಣುವಾಗಿ ಕೂಡಿದ ಸಿಲಿಕದ ಕಣಗಳು ಅತ್ಯಂತ ಸಣ್ಣವು. ಒಂದೊಂದೂ ಕೆಲವೇ ಹತ್ತು ನ್ಯಾನೋಮೀಟರುಗಳಷ್ಟು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ನ್ಯಾನೋಮೀಟರು. ಕಣಗಳ ನಡುವೆ ಜೀವದ್ರವ್ಯವು ಸೇರಿಕೊಂಡಿರುವುದರಿಂದ, ಅದನ್ನು ಮಾತ್ರ ಹದವರಿತು ಸುಟ್ಟು ತೆಗೆದರೆ, ಜೇನುಗೂಡಿನಂತೆ ಒಳಗೆಲ್ಲಾ ಟೊಳ್ಳುಗಳುಳ್ಳ ಸಿಲಿಕವು ಉಳಿಯುವುದು. ಪ್ರಯೋಗಶಾಲೆಯಲ್ಲಿ ದುಬಾರಿಯಾದ ರಾಸಾಯನಿಕಗಳಿಂದ ಕಟ್ಟಬೇಕಾದ ಈ ರಚನೆಯನ್ನು ಗಿಡವು ಕೆಸರಿನಲ್ಲಿ ನಿಂತುಕೊಂಡೇ ಕಟ್ಟಿರುವುದು.

ಇನ್ನು ವಿದ್ಯುತ್ಕೋಶದ ವಿಚಾರಕ್ಕೆ ಬರೋಣ. ಸಂಚಾರ ದೂರವಾಣಿಗಳಲ್ಲಿಯೂ ವಿದ್ಯುತ್ತಿನಿಂದ ಓಡುವ ದ್ವಿಚಕ್ರ ವಾಹನಗಳಲ್ಲಿಯೂ ಈಗ ಇರತಕ್ಕುದು ಲಿಥಿಯಂ ಅಯಾನು ಕೋಶ. ೧೯೯೧ರಲ್ಲಿ ಸೋನಿ ಕಂಪೆನಿಯು ಇದನ್ನು ಮಾರಾಟಕ್ಕೆ ತಂದಿತು. ಇದರ ತಳಹದಿಯನ್ನು ಹಾಕಿದ ವಿಟಿಂಗ್‌ಹ್ಯಾಮ್, ಗುಡಿನಫ್, ಯೋಷಿನೋ ಎಂಬ ಮೂವರಿಗೆ ೨೦೧೯ರ ನೊಬೆಲ್ ಪಾರಿತೋಷಕವು ಬಂದಿತು. ಕೋಶದಲ್ಲಿ ಎರಡು ಫಲಕಗಳಿರುವುವು. ಋಣಫಲಕವು ತಾಮ್ರದ ತೆಳುಹಾಳೆಯ ಮೇಲೆ ಬಳಿದ ಗ್ರಾಫೈಟು, ಎಂದರೆ ಸೀಸದಕಡ್ಡಿಯೊಳಗಿನ ಕಪ್ಪು ಇಂಗಾಲ. ಧನಫಲಕವು ಅಲ್ಯೂಮಿನಿಯಂ ಹಾಳೆಯ ಮೇಲೆ ಬಳಿದ ಯಾವುದಾದರೂ ಲೋಹದ ಆಕ್ಸೈಡು ಇಲ್ಲವೆ ಫಾಸ್ಫೇಟು. ಇವೆರಡರ ನಡುವೆ ಲಿಥಿಯಂ ಲವಣವನ್ನು ಕರಗಿಸಿದ ದ್ರವವೂ, ಫಲಕಗಳು ಒಂದಕ್ಕೊಂದು ತಗಲದಂತೆ ಸಣ್ಣ ರಂಧ್ರಗಳುಳ್ಳ ತೆರೆಯೂ ಇರುವುವು. ಚಾರ್ಜು ಮಾಡುವಾಗ ಲಿಥಿಯಮಿನ ಅಯಾನುಗಳು ಧನಫಲಕವನ್ನು ಬಿಟ್ಟು ದ್ರವದ ಮೂಲಕ ಸಾಗಿ ಋಣಫಲಕದೊಳಗೆ ಸೇರುವುವು. ಎಲೆಕ್ಟ್ರಾನುಗಳು ಹೊರಗಿನ ತಂತಿಯ ದಾರಿಯನ್ನು ಹಿಡಿಯುವುವು. ಉಪಯೋಗಿಸುವಾಗ ಎಲ್ಲವೂ ಹಿಂದಿರುಗುವುವು. ಆದುದರಿಂದ ಫಲಕದ ಯೋಗ್ಯತೆಯನ್ನು ಅಳೆಯುವ ಮುಖ್ಯವಾದ ಮಾನವೆಂದರೆ, ಒಂದು ಗ್ರಾಮಿನಷ್ಟು ದ್ರವ್ಯವು ಎಷ್ಟು ಲಿಥಿಯಮಿಗೆ ಸ್ಥಳ ಕೊಡಬಲ್ಲುದು ಎಂಬುದು.

ಗ್ರಾಫೈಟಿನಲ್ಲಿ ಆರು ಇಂಗಾಲದ ಪರಮಾಣುಗಳಿಗೆ ಒಂದು ಲಿಥಿಯಂ ಮಾತ್ರ ಸೇರಬಲ್ಲುದು. ಗ್ರಾಮೊಂದಕ್ಕೆ ೩೭೨ ಮಿಲಿಆಂಪಿಯರ್ ಗಂಟೆಗಳೇ ಅದರ ಮಿತಿ. ಸಿಲಿಕಾನಿನಲ್ಲಾದರೆ ನಾಲ್ಕು ಪರಮಾಣುಗಳಿಗೆ ಹದಿನೈದು ಲಿಥಿಯಂಗಳು ಸೇರುವುವು. ಮಿತಿಯು ೩೫೭೯ರವರೆಗೆ ಹೋಗುವುದು. ಇಷ್ಟು ಶಕ್ತಿಯಿದ್ದೂ ಸಿಲಿಕಾನನ್ನು ಮೊದಲೇ ಏಕೆ ಬಳಸಲಿಲ್ಲವೆಂಬ ಪ್ರಶ್ನೆಗೆ ಉತ್ತರವನ್ನು ಬಳ್ಳಾರಿಯ ಎರೆಯ ನೆಲದಲ್ಲಿ ನೋಡಬಹುದು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ ಎರೆಯು ಬೇಸಗೆಯಲ್ಲಿ ಕುಗ್ಗಿ, ಕೈ ತೂರುವಷ್ಟು ಅಗಲವಾಗಿ ಬಿರಿಯುವುದು. ಲಿಥಿಯಮನ್ನು ತುಂಬಿಕೊಂಡ ಸಿಲಿಕಾನು ತನ್ನ ಮೊದಲಿನ ಗಾತ್ರದ ಸುಮಾರು ನಾಲ್ಕರಷ್ಟು ಉಬ್ಬುವುದು, ಬಿಟ್ಟುಕೊಟ್ಟಾಗ ಕುಗ್ಗುವುದು. ಗ್ರಾಫೈಟಿನ ಉಬ್ಬರವು ನೂರಕ್ಕೆ ಹತ್ತರಷ್ಟು ಮಾತ್ರ. ಕೆಲವು ಸಲ ಹೀಗೆ ಉಬ್ಬಿ ಕುಗ್ಗಿದ ಮೇಲೆ ಸಿಲಿಕಾನಿನ ಕಣವು ಬಿರಿದು ಚೂರಾಗಿ, ತಾಮ್ರದ ಹಾಳೆಯೊಡನೆ ಸಂಬಂಧವನ್ನು ಕಳೆದುಕೊಂಡು ನಿರುಪಯುಕ್ತವಾಗುವುದು.

ಆದರೆ ಎರೆಯ ದೊಡ್ಡ ಹೆಂಟೆಯು ಬಿರಿಯುವಂತೆ ಅದರ ನುಣುಪಾದ ಪುಡಿಯು ಬಿರಿಯಲಾರದಷ್ಟೆ. ಬಿರುಕು ಹುಟ್ಟಿ ಹಬ್ಬುವುದಕ್ಕೆ ಕಣದಲ್ಲಿ ಒಂದಿಷ್ಟು ವಿಸ್ತಾರವಿರಬೇಕು. ಸಿಲಿಕಾನಿನ ಕಣವು ಸುಮಾರು ೧೫೦ ನ್ಯಾನೋಮೀಟರಿಗಿಂತ ಸಣ್ಣದಾಗಿದ್ದರೆ ಮೊದಲನೆಯ ಉಬ್ಬರದಲ್ಲಿ ಒಡೆಯುವುದಿಲ್ಲವೆಂಬುದು ಎಲೆಕ್ಟ್ರಾನು ಸೂಕ್ಷ್ಮದರ್ಶಕದ ಕೆಳಗೆ ೨೦೧೨ರಲ್ಲಿ ಕಂಡುಬಂದಿತು. ಇದಕ್ಕೂ ನಾಲ್ಕು ವರ್ಷಗಳ ಹಿಂದೆಯೇ, ೨೦೦೮ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಯೀ ತ್ಸುಯ್ ಅವರ ಪ್ರಯೋಗಶಾಲೆಯವರು ಸಿಲಿಕಾನನ್ನು ಅತಿ ತೆಳುವಾದ ತಂತಿಗಳಾಗಿ ಬೆಳೆಸಿ, ಅವು ಒಡೆಯದೆ ಉಬ್ಬಿ ಕುಗ್ಗುವುದನ್ನು ತೋರಿಸಿದ್ದರು. ನ್ಯಾನೋದ್ರವ್ಯವೆಂಬುದರ ಮೊದಲನೆಯ ಪ್ರಯೋಜನವು ಇದು.

ಎರಡನೆಯ ಪ್ರಯೋಜನವು ವೇಗಕ್ಕೆ ಸಂಬಂಧಪಟ್ಟುದು. ಘನವಸ್ತುವಿನೊಳಗೆ ಅಯಾನುಗಳು ನುಸುಳಿಕೊಂಡು ಹೋಗುವುದು ಬಹಳ ಮಂದಗತಿಯಲ್ಲಿ; ಅದಕ್ಕೆ ಬೇಕಾಗುವ ಕಾಲವು ದೂರದ ವರ್ಗವನ್ನನುಸರಿಸುವುದು. ದೂರವು ನೂರರಲ್ಲೊಂದಾದರೆ ಕಾಲವು ಹತ್ತು ಸಾವಿರದಲ್ಲೊಂದಾಗುವುದು. ಒಂದು ಕಣದ ಒಡಲೆಲ್ಲಾ ತುಂಬುವುದಕ್ಕೆ ಹತ್ತು ಗಂಟೆಗಳು ಹಿಡಿಯುವುವೆಂದಿಟ್ಟುಕೊಂಡರೆ, ಅದೇ ದ್ರವ್ಯದ ನೂರರಲ್ಲೊಂದು ಅಳತೆಯ ಕಣವು ನಾಲ್ಕು ಸೆಕೆಂಡುಗಳೊಳಗೆ ತುಂಬುವುದು. ಬೇಗ ಚಾರ್ಜಾಗುವ ಬ್ಯಾಟರಿಯೆಂದು ಪ್ರಕಟವಾಗುವ ವಾರ್ತೆಗಳಲ್ಲಿ ಅನೇಕವುಗಳ ಗುಟ್ಟು ಈ ಸರಳವಾದ ಗಣಿತವೇ.

ಇಷ್ಟನ್ನು ಹೇಳಿ ನಿಲ್ಲಿಸುವ ಲೇಖಕರೇ ಹೆಚ್ಚು. ಈ ಸಣ್ಣತನಕ್ಕೆ ತೆರಬೇಕಾದ ಬೆಲೆಯೂ ಉಂಟು. ಒಂದು ಸೆಂಟಿಮೀಟರು ಭುಜದ ಘನದ ಮೇಲ್ಮೈಯು ಆರು ಚದರ ಸೆಂಟಿಮೀಟರುಗಳು. ಅದನ್ನೇ ನೂರು ನ್ಯಾನೋಮೀಟರು ಭುಜದ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈಯು ಅರುವತ್ತು ಚದರ ಮೀಟರುಗಳಾಗುವುದು. ಒಂದು ಸಣ್ಣ ಮನೆಯ ನೆಲದಷ್ಟು. ಕೋಶದ ದ್ರವವು ಋಣಫಲಕದ ಮೇಲ್ಮೈಯನ್ನು ಮುಟ್ಟಿದಲ್ಲೆಲ್ಲಾ ಅಲ್ಪಸ್ವಲ್ಪ ಒಡೆದು ಒಂದು ತೆಳುವಾದ ಪೊರೆಯನ್ನು ಕಟ್ಟುವುದು. ಆ ಪೊರೆಯು ಲಿಥಿಯಮನ್ನು ನುಂಗಿಕೊಂಡು ಹಿಂದಕ್ಕೆ ಕೊಡದು. ಕೋಶದೊಳಗಿನ ಲಿಥಿಯಮಾದರೋ ಎಣಿಸಿ ಇಟ್ಟ ದುಡ್ಡಿನಂತೆ, ಹೊರಗಿನಿಂದ ತುಂಬುವಂತಿಲ್ಲ. ಸಿಲಿಕಾನು ಉಬ್ಬಿದಾಗ ಪೊರೆಯು ಹರಿದು ಹೊಸ ಮೈ ತೆರೆಯುವುದು. ಮತ್ತೆ ಪೊರೆ ಕಟ್ಟುವುದು. ಮತ್ತೆ ಲಿಥಿಯಂ ನಷ್ಟವಾಗುವುದು. ಆದುದರಿಂದ ಕಣವನ್ನು ಸಣ್ಣದು ಮಾಡಿದರೆ ಸಾಲದು; ಉಬ್ಬುವುದಕ್ಕೆ ಒಳಗಡೆಯೇ ಎಡೆಯಿರಬೇಕು, ಹೊರಗೆ ದ್ರವಕ್ಕೆ ತಗಲುವ ಮೈ ಮಿತವಾಗಿರಬೇಕು. ಟೊಳ್ಳುಗಳುಳ್ಳ ಕಣದ ಹೊರಮೈಗೆ ಇಂಗಾಲವನ್ನು ಲೇಪಿಸುವುದು ಈ ಕಾರಣದಿಂದ.

ಹೊಟ್ಟಿನಿಂದ ಸಿಲಿಕಾನನ್ನು ಪಡೆಯುವ ಕ್ರಮವು ಹೀಗೆ. ಮೊದಲು ಹೊಟ್ಟನ್ನು ತೊಳೆದು, ಸಾರ ಕಡಮೆಯಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸುವರು. ಇದರಿಂದ ಪೊಟಾಸಿಯಂ, ಸೋಡಿಯಂ, ಕ್ಯಾಲ್ಸಿಯಂಗಳು ಹೊರಟುಹೋಗುವುವು. ಬೂದಿಕನಮದ ಗಾಜಿನ ಹೆಂಟೆಗಳನ್ನು ಹುಟ್ಟಿಸಿದ ಕ್ಷಾರವನ್ನು ಇಲ್ಲಿ ಬೆಂಕಿಗೆ ಮುನ್ನವೇ ಕಳೆದುಬಿಡುವುದೆಂದು ತಿಳಿಯಬೇಕು. ಆಮೇಲೆ ಸುಮಾರು ೬೦೦ರಿಂದ ೭೦೦ ಡಿಗ್ರಿಗಳ ತಾಪದಲ್ಲಿ ಗಾಳಿಯಾಡುವಂತೆ ಸುಟ್ಟರೆ ಬೆಳ್ಳಗಿನ ಸಿಲಿಕವು ದೊರೆಯುವುದು. ಆಮ್ಲದಿಂದ ತೊಳೆಯದೆ ಸುಟ್ಟರೆ ಸಿಲಿಕವು ಅಲ್ಲಲ್ಲಿ ಕರಗಿ, ಸುಡದ ಇಂಗಾಲವನ್ನು ತನ್ನೊಳಗೆ ಮುಚ್ಚಿಕೊಂಡು, ಬೂದಿಯು ಕಪ್ಪಾಗುವುದು, ಟೊಳ್ಳುಗಳು ಕುಸಿಯುವುವು. ತಾಪವು ಬಹಳವಾಗಿ ಏರಿದರೆ ಸಿಲಿಕವು ಹರಳುಗಟ್ಟುವುದು.

ಸಿಲಿಕವೆಂದರೆ ಸಿಲಿಕಾನು ಆಮ್ಲಜನಕದೊಡನೆ ಕೂಡಿದ ದ್ರವ್ಯವಾದುದರಿಂದ ಆಮ್ಲಜನಕವನ್ನು ಕೀಳಬೇಕು. ಕಾರ್ಖಾನೆಗಳಲ್ಲಿ ಇದನ್ನು ವಿದ್ಯುತ್ಕುಲುಮೆಯಲ್ಲಿ ಕಲ್ಲಿದ್ದಲಿನಿಂದ ಮಾಡುವುದುಂಟು. ಆದರೆ ಆ ತಾಪದಲ್ಲಿ ಸಿಲಿಕಾನು ಕರಗಿ ನೀರಾಗುವುದು, ರಚನೆಯೆಲ್ಲಾ ಹೋಗುವುದು. ೨೦೦೭ರಲ್ಲಿ ಅಮೆರಿಕದ ಜಾರ್ಜಿಯಾ ತಾಂತ್ರಿಕ ಸಂಸ್ಥೆಯ ಸ್ಯಾಂಡ್‌ಹೇಜ್ ಮತ್ತು ಅವರ ಸಹೋದ್ಯೋಗಿಗಳು, ನೀರಿನಲ್ಲಿ ಬೆಳೆಯುವ ಡಯಾಟಮ್ ಎಂಬ ಸೂಕ್ಷ್ಮ ಸಸ್ಯದ ಸಿಲಿಕದ ಚಿಪ್ಪನ್ನು ಮೆಗ್ನೀಸಿಯಂ ಆವಿಯೊಡನೆ ಸುಮಾರು ೬೫೦ ಡಿಗ್ರಿಗೆ ಕಾಯಿಸಿ, ಚಿಪ್ಪಿನ ಆಕಾರವು ಕೆಡದಂತೆ ಅದನ್ನು ಸಿಲಿಕಾನಾಗಿ ಪರಿವರ್ತಿಸಿದರು. ಮೆಗ್ನೀಸಿಯಮಿಗೆ ಆಮ್ಲಜನಕದಲ್ಲಿರುವ ಪ್ರೀತಿಯು ಸಿಲಿಕಾನಿಗಿಂತ ಹೆಚ್ಚು. ಈ ವಿಧಾನವನ್ನು ಹೊಟ್ಟಿನ ಸಿಲಿಕಕ್ಕೆ ಪ್ರಯೋಗಿಸಿ, ೨೦೧೩ರಲ್ಲಿ ದಕ್ಷಿಣ ಕೊರಿಯಾದ ಜಾಂಗ್ ವೂಕ್ ಚೋಯ್ ಮೊದಲಾದವರೂ, ಸ್ಟ್ಯಾನ್‌ಫರ್ಡಿನ ನಿಯಾನ್ ಲಿಯು, ಯೀ ತ್ಸುಯ್ ಮೊದಲಾದವರೂ ಬೇರೆ ಬೇರೆಯಾಗಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಸ್ಟ್ಯಾನ್‌ಫರ್ಡಿನವರ ಸಿಲಿಕಾನಿನ ಕಣಗಳು ೧೦ರಿಂದ ೪೦ ನ್ಯಾನೋಮೀಟರುಗಳಷ್ಟಿದ್ದುವು. ಅದು ಗ್ರಾಮೊಂದಕ್ಕೆ ೨೭೯೦ ಮಿಲಿಆಂಪಿಯರ್ ಗಂಟೆಗಳನ್ನು ಕೊಟ್ಟು, ೩೦೦ ಸಲ ಚಾರ್ಜಾದ ಮೇಲೆಯೂ ನೂರಕ್ಕೆ ೮೬ರಷ್ಟು ಶಕ್ತಿಯನ್ನು ಉಳಿಸಿಕೊಂಡಿತು.

ಗ್ರಾಫೈಟಿನ ಏಳರಷ್ಟು ಎಂದು ಈ ಫಲಿತಾಂಶವು ಪ್ರಸಿದ್ಧಿಗೆ ಬಂದಿತು. ಬ್ಯಾಟರಿಯು ಏಳುಪಟ್ಟು ಬಲವಾಗುವುದೆಂದು ಇದರಿಂದ ತಿಳಿದುಕೊಂಡವರೂ ಉಂಟು, ಅದು ಸರಿಯಲ್ಲ. ಲೆಕ್ಕ ಮಾಡಿಯೇ ನೋಡೋಣ. ಒಂದು ದ್ವಿಚಕ್ರ ವಾಹನದಲ್ಲಿ ಮೂರು ಯೂನಿಟ್ ವಿದ್ಯುತ್ತು ಹಿಡಿಯುವ ಬ್ಯಾಟರಿಯಿದೆಯೆಂದೂ, ಅದರ ಧನಫಲಕವು ಕಬ್ಬಿಣದ ಫಾಸ್ಫೇಟಿನದೆಂದೂ ಇಟ್ಟುಕೊಳ್ಳೋಣ. ೩.೨ ವೋಲ್ಟಿನ ಲೆಕ್ಕದಲ್ಲಿ ಅದಕ್ಕೆ ಸುಮಾರು ೯೪೦ ಆಂಪಿಯರ್ ಗಂಟೆಗಳು ಬೇಕು. ಇಷ್ಟಕ್ಕೆ ಗ್ರಾಫೈಟು ಎರಡೂವರೆ ಕಿಲೋ ಆಗುವುದು. ಹೊಟ್ಟಿನ ಸಿಲಿಕಾನಾದರೆ ೩೪೦ ಗ್ರಾಮು ಸಾಕು. ಆದರೆ ಎದುರಿನ ಧನಫಲಕದ ದ್ರವ್ಯವು ಗ್ರಾಮೊಂದಕ್ಕೆ ೧೭೦ಕ್ಕಿಂತ ಹೆಚ್ಚಾಗಿ ಹಿಡಿಯಲಾರದು. ಅದು ಮೊದಲಿನಂತೆಯೇ ಐದೂವರೆ ಕಿಲೋ ಬೇಕು. ಎಂದರೆ ಎರಡು ಫಲಕಗಳ ದ್ರವ್ಯವು ಎಂಟು ಕಿಲೋದಿಂದ ಐದು ಮುಕ್ಕಾಲು ಕಿಲೋದ ಆಸುಪಾಸಿಗೆ ಇಳಿಯುವುದು. ತಾಮ್ರ, ಅಲ್ಯೂಮಿನಿಯಂ, ದ್ರವ, ಪೆಟ್ಟಿಗೆ ಇವುಗಳ ತೂಕವನ್ನು ಕೂಡಿಸಿದರೆ, ಉಳಿತಾಯದ ಪ್ರಮಾಣವು ಇನ್ನೂ ಕಡಮೆಯಾಗುವುದು. ಸಿಲಿಕಾನಿನ ಫಲಕದಿಂದ ಕೋಶದ ವೋಲ್ಟು ಸ್ವಲ್ಪ ಕುಗ್ಗುವುದನ್ನೂ ನಾನು ಇಲ್ಲಿ ಎಣಿಸಿಲ್ಲ. ನೂರಕ್ಕೆ ಇಪ್ಪತ್ತರಷ್ಟು ಲಾಭವೂ ಅಲ್ಪವೇನಲ್ಲ. ಆದರೆ ಏಳುಪಟ್ಟಿನ ಮಾತು ಬೇರೆ. ವ್ಯಾಪಾರದಲ್ಲಿರುವ ಕೋಶಗಳಲ್ಲಿ ಗ್ರಾಫೈಟಿನೊಡನೆ ನೂರಕ್ಕೆ ಕೆಲವು ಪಾಲು ಸಿಲಿಕಾನನ್ನೋ ಸಿಲಿಕಾನಿನ ಅಪೂರ್ಣ ಆಕ್ಸೈಡನ್ನೋ ಬೆರಸುವುದು ಈಗ ರೂಢಿಗೆ ಬಂದಿರುವುದೂ ಇಂತಹ ಹಿತಮಿತವಾದ ಲಾಭಕ್ಕಾಗಿಯೇ.

ಮತ್ತೊಂದು ಲೆಕ್ಕವು ಸಿರುಗುಪ್ಪದ ರೈತನಿಗೂ ಗಿರಣಿಯವನಿಗೂ ಹೆಚ್ಚು ಸಂಬಂಧಪಟ್ಟುದು. ಹತ್ತು ಕ್ವಿಂಟಾಲು ನೆಲ್ಲಿನಿಂದ ಎರಡು ಕ್ವಿಂಟಾಲು ಹೊಟ್ಟು. ಅದರಿಂದ ನಲವತ್ತು ಕಿಲೋ ಬೂದಿ. ಬೂದಿಯಲ್ಲಿ ೩೬ ಕಿಲೋ ಸಿಲಿಕ. ಸಿಲಿಕದ ತೂಕದಲ್ಲಿ ಸಿಲಿಕಾನಿನ ಪಾಲು ಅರ್ಧಕ್ಕಿಂತ ಸ್ವಲ್ಪ ಕಡಮೆಯಾದುದರಿಂದ, ಏನೊಂದೂ ಪೋಲಾಗದಿದ್ದರೆ ಸುಮಾರು ೧೭ ಕಿಲೋ ಸಿಲಿಕಾನು. ಮೇಲಿನ ಲೆಕ್ಕದಂತೆ ಐವತ್ತು ವಾಹನಗಳಿಗೆ ಇದು ಸಾಕು. ಕೇಳುವುದಕ್ಕೆ ಆನಂದವಾಗುವ ಸಂಗತಿ! ಆದರೆ ಆ ೩೬ ಕಿಲೋ ಸಿಲಿಕದಿಂದ ಆಮ್ಲಜನಕವನ್ನು ಕೀಳುವುದಕ್ಕೆ ೨೯ ಕಿಲೋ ಮೆಗ್ನೀಸಿಯಂ ಬೇಕು. ಹುಟ್ಟುವ ಸಿಲಿಕಾನಿಗಿಂತ ಸುಡುವ ಮೆಗ್ನೀಸಿಯಮಿನ ತೂಕವೇ ಹೆಚ್ಚು. ಮೆಗ್ನೀಸಿಯಮಾದರೋ ಬಹಳ ಶಾಖವನ್ನು ವೆಚ್ಚಮಾಡಿ ಪಡೆಯುವ ಲೋಹ. ಇನ್ನೊಂದು ವಿನೋದವೂ ಉಂಟು: ಪಿಜನ್ ಎಂಬವರ ಹೆಸರಿನಿಂದ ಪ್ರಸಿದ್ಧವಾದ ವಿಧಾನದಲ್ಲಿ, ಸುಟ್ಟ ಡೋಲೊಮೈಟ್ ಕಲ್ಲಿನಿಂದ ಮೆಗ್ನೀಸಿಯಮನ್ನು ಬಿಡಿಸುವುದಕ್ಕೆ ಸಿಲಿಕಾನು ಕೂಡಿದ ಕಬ್ಬಿಣವನ್ನೇ ಉಪಯೋಗಿಸುವರು. ಸಿಲಿಕಾನನ್ನು ಕೊಟ್ಟು ಮೆಗ್ನೀಸಿಯಂ, ಆ ಮೆಗ್ನೀಸಿಯಮನ್ನು ಕೊಟ್ಟು ಮತ್ತೆ ಸಿಲಿಕಾನು!

ಹಾಗಾದರೆ ಈ ಸುತ್ತುದಾರಿ ಏತಕ್ಕೆ? ಬರಿಯ ಸಿಲಿಕವೇ ಬೇಕಾದರೆ ತುಂಗಭದ್ರೆಯ ಮರಳಿನಲ್ಲಿ ಬೇಕಾದಷ್ಟಿದೆ. ಹೊಟ್ಟಿನ ಸಿಲಿಕಕ್ಕೆ ಬೆಲೆಯೆಂಬುದು ಇದ್ದರೆ ಅದು ಗಿಡವು ಕೊಟ್ಟ ಆಕಾರಕ್ಕೆ: ಆ ಸಣ್ಣ ಕಣಗಳಿಗೆ, ಅವುಗಳ ನಡುವಣ ಟೊಳ್ಳುಗಳಿಗೆ. ಆಕಾರವು ಕೆಟ್ಟರೆ ಅದು ದುಬಾರಿಯ ಮರಳು. ಮೆಗ್ನೀಸಿಯಮಿನ ಕ್ರಿಯೆಯಲ್ಲಿಯೂ ಇದೇ ಅಪಾಯವುಂಟು. ಆ ಕ್ರಿಯೆಯು ತಾನೇ ಬಹಳ ಶಾಖವನ್ನು ಹೊರಚೆಲ್ಲುವುದರಿಂದ ಹುಟ್ಟಿದ ಸಿಲಿಕಾನು ಒಳಗೊಳಗೇ ಬೆಸೆದು ದಪ್ಪವಾಗಬಹುದು. ಇದಕ್ಕೆ ಕಂಡುಕೊಂಡಿರುವ ಉಪಾಯವು ಸೊಗಸಾದುದು: ಮಿಶ್ರಣಕ್ಕೆ ಅಡಿಗೆಯ ಉಪ್ಪನ್ನು ಸೇರಿಸುವರು. ಉಪ್ಪು ೮೦೧ ಡಿಗ್ರಿಯಲ್ಲಿ ಕರಗುತ್ತಾ ಹೆಚ್ಚಿನ ಶಾಖವನ್ನು ಹೀರಿಕೊಳ್ಳುವುದು. ಕೆಲಸ ಮುಗಿದ ಮೇಲೆ ನೀರಿನಲ್ಲಿ ತೊಳೆದುಹೋಗುವುದು. ಮೆಗ್ನೀಸಿಯಂ ಅತಿಯಾಗಿ ಬಿದ್ದರೆ ಅದು ಸಿಲಿಕಾನಿನೊಡನೆಯೇ ಕೂಡಿಕೊಳ್ಳುವುದು. ಅದಕ್ಕೆ ಆಮ್ಲ ತಗಲಿದಾಗ ಗಾಳಿಯಲ್ಲಿ ತಾನಾಗಿ ಹೊತ್ತಿಕೊಳ್ಳುವ ಅನಿಲವು ಹೊರಡುವುದು. ಇದು ಗಿರಣಿಯ ಹಿತ್ತಿಲಿನಲ್ಲಿ ಮಾಡಿನೋಡುವ ಕೆಲಸವಲ್ಲವೆಂದು ಇಲ್ಲಿಯೇ ಸ್ಪಷ್ಟವಾಗಿ ಹೇಳುವುದು ಯುಕ್ತ.

ಗಿರಣಿಯಲ್ಲಿ ಮಾಡಬಹುದಾದುದು ಬೇರೊಂದುಂಟು. ಅದು ಬಾಯ್ಲರಿನ ಬೆಂಕಿಯ ಹದ. ಈಗ ಬಾಯ್ಲರುಗಳಲ್ಲಿ ಹೊಟ್ಟು ಉರಿಯುವಾಗ ತಾಪಕ್ಕೆ ಮಿತಿಯಿಲ್ಲ. ದೊರೆಯುವ ಬೂದಿಯು ಕಪ್ಪಾಗಿಯೋ, ಕೆಲವೆಡೆ ಹರಳುಗಟ್ಟಿಯೋ ಇರುವುದು. ಹರಳುಗಟ್ಟಿದ ಸಿಲಿಕದ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಗುಣವಾಗದ ರೋಗವನ್ನುಂಟುಮಾಡುವುದೆಂಬುದು ಕಲ್ಲುಗಣಿಗಳ ಅನುಭವದಿಂದ ಚೆನ್ನಾಗಿ ತಿಳಿದಿದೆ. ಬಾಯ್ಲರಿನ ತಾಪವನ್ನು ೭೦೦ ಡಿಗ್ರಿಯೊಳಗೆ ನಿಲ್ಲಿಸಿ, ಗಾಳಿಯನ್ನು ಸಾಕಷ್ಟು ಬಿಟ್ಟು ಸುಟ್ಟರೆ ಶಾಖವೂ ದೊರೆಯುವುದು, ಹರಳುಗಟ್ಟದ ಸಿಲಿಕವೂ ದೊರೆಯುವುದು. ಅಂತಹ ಬೂದಿಯನ್ನು ಬ್ಯಾಟರಿಯವರು ಕೊಳ್ಳದಿದ್ದರೂ ಸಿಮೆಂಟಿಗೆ ಬೆರಸುವವರು ಕೊಳ್ಳುವರು. ನನ್ನ ಅಭಿಪ್ರಾಯದಲ್ಲಿ ಸಿರುಗುಪ್ಪದ ಮಟ್ಟಿಗೆ ಮೊದಲು ಮಾಡತಕ್ಕ ಸಂಶೋಧನೆಯು ಇದು: ಒಂದೊಂದು ಗಿರಣಿಯ ಬೂದಿಯನ್ನೂ ತೆಗೆದು ಅದರಲ್ಲಿ ಇಂಗಾಲವೆಷ್ಟು, ಕ್ಷಾರವೆಷ್ಟು, ಹರಳೆಷ್ಟು, ಗ್ರಾಮಿಗೆ ಮೇಲ್ಮೈಯೆಷ್ಟು ಎಂದು ಅಳೆದು ಬರೆಯುವುದು. ಇದರಲ್ಲಿ ಕೀರ್ತಿಯೇನೂ ಇಲ್ಲ. ಆದರೆ ಬಳ್ಳಾರಿಯಲ್ಲಿ ೨೦೧೦ರಿಂದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿದೆ. ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಯಾವ ತಳಿಯ ನೆಲ್ಲು ಎಷ್ಟು ಸಿಲಿಕವನ್ನು ಹೊಟ್ಟಿನಲ್ಲಿಡುವುದೆಂಬುದನ್ನು ತಿಳಿಯಲು ಈ ಎರಡು ಸಂಸ್ಥೆಗಳೂ ಒಟ್ಟಿಗೆ ಕುಳಿತರೆ ಸಾಕು.

ಬಳ್ಳಾರಿಯ ಖನಿಜಗಳ ಮಾತನ್ನೂ ಇಲ್ಲಿ ಸ್ವಲ್ಪದರ ಮಟ್ಟಿಗೆ ಹೇಳಬೇಕು; ಏಕೆಂದರೆ ಸಂಡೂರಿನ ಬೆಟ್ಟಗಳಲ್ಲಿ ಮ್ಯಾಂಗನೀಸೂ ಕಬ್ಬಿಣವೂ ಇರುವುವು, ಬ್ಯಾಟರಿಗಳ ಧನಫಲಕದಲ್ಲಿಯೂ ಅವೇ ಲೋಹಗಳಿರುವುವು. ಕಬ್ಬಿಣದ ಫಾಸ್ಫೇಟನ್ನು ಈ ಕಾರ್ಯಕ್ಕೆ ತಂದ ೧೯೯೭ರ ಲೇಖನದಲ್ಲಿ ಗುಡಿನಫ್ ಅವರೊಡನೆ ಪಾಧಿ, ನಂಜುಂಡಸ್ವಾಮಿ ಎಂಬ ಹೆಸರುಗಳಿವೆ. ಎರಡನೆಯದು ನಮ್ಮ ಕಿವಿಗೆ ಹೊಸದಲ್ಲ. ಆ ದ್ರವ್ಯವು ವಿದ್ಯುತ್ತನ್ನು ಸರಿಯಾಗಿ ಹರಿಯಗೊಡದು. ಕಣವನ್ನು ನ್ಯಾನೋ ಅಳತೆಗೆ ಇಳಿಸಿ ಇಂಗಾಲವನ್ನು ಲೇಪಿಸಿದ ಮೇಲೆಯೇ ಅದು ಕೆಲಸಕ್ಕೆ ಬಂದಿತು. ಆದರೆ ಬೇಕಾಗುವುದು ಅತಿ ಶುದ್ಧವಾದ ಕಬ್ಬಿಣದ ಲವಣ. ಅದಿರಿನ ಬೆಟ್ಟವು ಪಕ್ಕದಲ್ಲಿದ್ದ ಮಾತ್ರಕ್ಕೆ ಅದು ಅಗ್ಗವಾಗದು. ಮ್ಯಾಂಗನೀಸಿನ ಆಕ್ಸೈಡಿನದು ಬೇರೆ ತೊಡಕು. ತಾಪವು ೫೫ ಡಿಗ್ರಿಯ ಆಸುಪಾಸಿಗೆ ಏರಿದಾಗ ಅದರ ಮ್ಯಾಂಗನೀಸು ದ್ರವದಲ್ಲಿ ಕರಗಿ ಎದುರಿನ ಫಲಕದ ಪೊರೆಯನ್ನು ಕೆಡಿಸುವುದು. ಕಣವು ಸಣ್ಣದಾದಷ್ಟೂ ಮೈ ಹೆಚ್ಚಿ ಕರಗುವುದೂ ಹೆಚ್ಚುವುದು. ಎಂದರೆ ಇಲ್ಲಿ ನ್ಯಾನೋ ಅಳತೆಯು ಮಿತ್ರನಲ್ಲ. ಬೇಸಗೆಯಲ್ಲಿ ನೆರಳಿನಲ್ಲಿಯೇ ನಲವತ್ತು ಡಿಗ್ರಿಯನ್ನು ಮೀರುವ ಬಳ್ಳಾರಿಯಲ್ಲಿ, ಬಿಸಿಲಿನಲ್ಲಿ ನಿಲ್ಲಿಸಿದ ವಾಹನದ ಪೆಟ್ಟಿಗೆಯೊಳಗಿನ ತಾಪವನ್ನು ವಾಚಕರೇ ಊಹಿಸಬಹುದು. ಚಳಿದೇಶದ ಪ್ರಯೋಗಶಾಲೆಯಲ್ಲಿ ೨೫ ಡಿಗ್ರಿಯಲ್ಲಿ ಅಳೆದ ಆಯುಸ್ಸನ್ನು ಇಲ್ಲಿಗೆ ಹಾಗೆಯೇ ಅನ್ವಯಿಸುವುದು ತರವಲ್ಲ.

ಲಿಥಿಯಂ ಮಾತ್ರ ಈ ಸೀಮೆಯ ಸೊತ್ತಲ್ಲ. ಕರ್ಣಾಟಕದಲ್ಲಿ ಮಂಡ್ಯ ಜಿಲ್ಲೆಯ ಮಾರ್ಲಗಲ್ಲ, ಅಲ್ಲಾಪಟ್ಟಣಗಳ ಬಳಿ ಅದರ ಅದಿರು ಕಂಡುಬಂದು, ೧೬೦೦ ಟನ್ನುಗಳಷ್ಟು ಇರಬಹುದೆಂದು ೨೦೨೧ರಲ್ಲಿ ಸಂಸತ್ತಿಗೆ ತಿಳಿಸಲಾಯಿತು. ಅದೂ ಪ್ರಾರಂಭದ ಅಂದಾಜು, ಅದೂ ಬಹಳ ಅಲ್ಪ. ಆದುದರಿಂದ ಲಿಥಿಯಮಿನ ಸ್ಥಾನದಲ್ಲಿ ಉಪ್ಪಿನ ಲೋಹವಾದ ಸೋಡಿಯಮನ್ನು ನಿಲ್ಲಿಸುವ ಪ್ರಯತ್ನಗಳು ನಡೆಯುತ್ತಿವೆ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡವು ರೂಪಿಸಿದ ಸೋಡಿಯಂ ಕೋಶವು ಆರು ನಿಮಿಷಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಚಾರ್ಜಾಗುವುದೆಂದೂ, ೩೦೦೦ಕ್ಕೆ ಮೀರಿದ ಆವೃತ್ತಿಗಳನ್ನು ತಾಳಬಲ್ಲುದೆಂದೂ ೨೦೨೫ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಕಣಗಳನ್ನು ನ್ಯಾನೋ ಅಳತೆಗೆ ಇಳಿಸಿ ಇಂಗಾಲದ ಹೊದಿಕೆಯನ್ನು ಕೊಟ್ಟಿರುವುದೇ ವೇಗಕ್ಕೆ ಒಂದು ಕಾರಣ.

ಸೋಡಿಯಮಿಗೆ ಸಿಲಿಕಾನಿನಲ್ಲಿ ಸುಲಭವಾಗಿ ಸ್ಥಳ ದೊರೆಯದು, ಗ್ರಾಫೈಟಿನಲ್ಲಿಯೂ ದೊರೆಯದು. ಅದಕ್ಕೆ ಒಗ್ಗುವುದು ಪದರಗಳು ಅಸ್ತವ್ಯಸ್ತವಾಗಿರುವ ಗಡಸು ಇಂಗಾಲ. ಹೊಟ್ಟನ್ನು ಗಾಳಿಯಿಲ್ಲದ ಕಡೆ ಸಾವಿರ ಡಿಗ್ರಿಗೆ ಮೀರಿ ಕಾಯಿಸಿ, ಸಿಲಿಕವನ್ನು ಕಾಸ್ಟಿಕ್ ಸೋಡದಿಂದ ಕರಗಿಸಿ ತೆಗೆದರೆ ಇಂತಹ ಇಂಗಾಲವು ದೊರೆಯುವುದೆಂದು ಹಲವು ದೇಶಗಳವರು ತೋರಿಸಿದ್ದಾರೆ. ಮೆಗ್ನೀಸಿಯಮಿನ ವೆಚ್ಚವು ಈ ದಾರಿಯಲ್ಲಿಲ್ಲ. ಕರಗಿದ ಸಿಲಿಕವನ್ನೂ ಬೇರೆಯಾಗಿ ಹಿಂದಕ್ಕೆ ಪಡೆಯಬಹುದು. ಆದಕಾರಣ ಸಿರುಗುಪ್ಪದ ಹೊಟ್ಟಿಗೆ ಸಿಲಿಕಾನಿಗಿಂತ ಇದೇ ಸಮೀಪದ ದಾರಿಯೆಂದು ನನಗೆ ತೋರುವುದು. ಎರಡು ದಾರಿಗಳಲ್ಲಿಯೂ ಆಮ್ಲದಲ್ಲಿಯೋ ಕ್ಷಾರದಲ್ಲಿಯೋ ತೊಳೆದ ನೀರು ಬಹಳವಾಗಿ ಹೊರಬೀಳುವುದು. ಸ್ಟ್ಯಾನ್‌ಫರ್ಡಿನ ಲೇಖನದಲ್ಲಿ ಕೆಲವು ಗ್ರಾಮು ಹೊಟ್ಟನ್ನು ತೊಳೆದ ನೀರಿನ ವಿಚಾರವು ಪ್ರಸ್ತಾಪಕ್ಕೆ ಬರಬೇಕಾಗಿಲ್ಲ. ದಿನಕ್ಕೆ ಹಲವು ಟನ್ನು ಹೊಟ್ಟನ್ನು ತೊಳೆಯುವ ಕಾರ್ಖಾನೆಯು ಕಾಲುವೆಯ ದಂಡೆಯಲ್ಲಿ ಏಳುವುದಾದರೆ, ಆ ನೀರಿನಲ್ಲಿರುವ ಪೊಟಾಸಿಯಮನ್ನು ಗೊಬ್ಬರವಾಗಿ ಬೇರ್ಪಡಿಸುವ ಉಪಾಯವನ್ನೂ, ಆಮ್ಲವನ್ನು ಸುಣ್ಣದಿಂದ ಶಮನಗೊಳಿಸಿದ ಮೇಲೆ ಉಳಿಯುವ ಕ್ಲೋರೈಡು ಲವಣವು ಗದ್ದೆಗೆ ಹರಿಯದಂತೆ ತಡೆಯುವ ಉಪಾಯವನ್ನೂ ಕಾರ್ಖಾನೆಯ ನಕ್ಷೆಯಲ್ಲಿಯೇ ಸೇರಿಸಬೇಕಾಗುವುದು. ಎರೆಯ ನೆಲದಲ್ಲಿ ನೀರು ಬಸಿದುಹೋಗುವುದು ನಿಧಾನ. ಕಾಲುವೆಯ ಸೀಮೆಯ ಕೆಲವು ಹೊಲಗಳು ಈಗಾಗಲೇ ಚೌಳಾಗಿರುವುವು.